ಚರ್ಮದ ಉರಿಯೂತಕ್ಕೆ ಗಿಡಮೂಲಿಕೆಯ ಲೇಪ: ಪ್ರಾಣಿಗಳ ಮೇಲಿನ ಪರೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇವು, ಅರಿಶಿನ, ಲೋಳೆಸರ, ಜ್ಯೇಷ್ಠಮಧು, ಜೇನುತುಪ್ಪ. ಕೆರಳಿದ ಚರ್ಮಕ್ಕೆ ಹಚ್ಚಲು ಇವುಗಳಲ್ಲಿ ಒಂದಲ್ಲ ಒಂದು ಎಲ್ಲರ ನೆನಪಿಗೂ ಬರುತ್ತದೆ. ಹಚ್ಚುವುದು ಸುಲಭ. ಹಚ್ಚಿದ್ದರಿಂದಲೇ ವಾಸಿಯಾಯಿತು ಎಂದು ತೋರಿಸುವುದು ಬಹಳ ಕಷ್ಟ. ಇಂಥ ಲೇಪಗಳನ್ನು ಪರೀಕ್ಷಿಸಲು ಹೊರಟ ವಿದ್ಯಾರ್ಥಿಗಳು, ಪಶುವೈದ್ಯರು ಮತ್ತು ನಾಯಿ ಬೆಕ್ಕು ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಮಾತು ಬಾರದ ಪ್ರಾಣಿಯ ಉರಿಯೂತವನ್ನು ಅಳೆಯುವುದು ಹೇಗೆ?

ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಬಿಸಿ, ನೋವು. ಇಂದಿನ ಪ್ರಯೋಗಾಲಯವೂ ಹೆಚ್ಚುಕಡಿಮೆ ಇವುಗಳನ್ನೇ ಅಳೆಯುತ್ತದೆ. ಊತವನ್ನು ದಪ್ಪದಿಂದ, ಕೆಂಪನ್ನು ಅಂಕದಿಂದ ಅಥವಾ ಬಣ್ಣ ಅಳೆಯುವ ಉಪಕರಣದಿಂದ, ಬಿಸಿಯನ್ನು ಶಾಖ ಕ್ಯಾಮೆರಾದಿಂದ ತಿಳಿಯಬಹುದು. ನೋವು ಮತ್ತು ತುರಿಕೆ ವರ್ತನೆಯಲ್ಲಿ ಕಾಣುತ್ತವೆ: ಗಂಟೆಗೆ ಎಷ್ಟು ಸಲ ಕೆರೆದುಕೊಂಡಿತು, ರಾತ್ರಿ ಎಷ್ಟು ಸಲ ಎದ್ದು ಪಾದ ನೆಕ್ಕಿತು, ಮುಟ್ಟಲು ಹೋದರೆ ಹಿಂದೆ ಸರಿಯಿತೇ. ಚರ್ಮದ ತಡೆಗೋಡೆ ಎಷ್ಟು ಸೋರುತ್ತಿದೆ ಎಂದು ನೋಡಲು ಚರ್ಮದ ಮೂಲಕ ಆವಿಯಾಗುವ ನೀರನ್ನು ಅಳೆಯುವುದೂ ಉಂಟು.

ಕಪ್ಪು ಚರ್ಮದ, ದಟ್ಟ ಕೂದಲಿನ ಪ್ರಾಣಿಗಳಲ್ಲಿ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಕೆಂಪನ್ನಷ್ಟೇ ನಂಬಿದ ಪರೀಕ್ಷೆ ಅಲ್ಲಿ ಸೋಲುತ್ತದೆ. ಒಂದು ಲಕ್ಷಣವನ್ನು ಕಣ್ಣಿನಿಂದ, ಇನ್ನೊಂದನ್ನು ಉಪಕರಣದಿಂದ, ಮೂರನೆಯದನ್ನು ವರ್ತನೆಯಿಂದ ಅಳೆದರೆ ಒಂದು ತಪ್ಪಿದಲ್ಲಿ ಇನ್ನೊಂದು ಹಿಡಿಯುತ್ತದೆ.

ತಲೆಮಾರುಗಳಿಂದ ಬಳಕೆಯಲ್ಲಿರುವ ಮೂಲಿಕೆಗೆ ಮತ್ತೆ ಪರೀಕ್ಷೆ ಏಕೆ ಬೇಕು?

ದೀರ್ಘ ಬಳಕೆ ಒಂದು ಸುಳಿವು, ಒಳ್ಳೆಯ ಸುಳಿವು. ಯಾವ ಗಿಡವನ್ನು ಮೊದಲು ಪರೀಕ್ಷಿಸಬೇಕು ಎಂದು ಅದು ಹೇಳುತ್ತದೆ. ಆದರೆ ಚರ್ಮದ ಕಾಯಿಲೆಗಳಿಗೆ ಒಂದು ಗುಣವಿದೆ: ಅವು ಏರಿಳಿಯುತ್ತವೆ. ಅಲರ್ಜಿಯ ನಾಯಿಗೆ ಒಂದು ವಾರ ವಿಪರೀತ ತುರಿಕೆ, ಮುಂದಿನ ವಾರ ತಾನಾಗಿಯೇ ಕಡಿಮೆ. ನಾವು ಔಷಧ ಹುಡುಕುವುದು ತುರಿಕೆ ತಾರಕಕ್ಕೇರಿದ ದಿನ. ಅಲ್ಲಿಂದ ಮುಂದೆ ಅದು ಇಳಿಯುವುದೇ ಹೆಚ್ಚು, ಏನು ಹಚ್ಚಿದರೂ, ಏನನ್ನೂ ಹಚ್ಚದಿದ್ದರೂ. ಇಳಿದದ್ದರ ಶ್ರೇಯ ಮಾತ್ರ ಕೈಯಲ್ಲಿದ್ದ ಡಬ್ಬಿಗೆ ಹೋಗುತ್ತದೆ. ನೂರು ವರ್ಷ ಹೀಗೇ ನಡೆದರೂ ಆ ಡಬ್ಬಿಯ ಬಗ್ಗೆ ನಮಗೆ ಹೊಸದೇನೂ ತಿಳಿಯುವುದಿಲ್ಲ.

ಪ್ರಾಣಿಯ ಬಳಿ ಹೋಗುವ ಮೊದಲು ಏನೇನು ಆಗಬೇಕು?

ಮೊದಲ ಕೆಲಸ ಗಿಡವನ್ನು ಗುರುತಿಸುವುದು. ಒಂದೇ ಹೆಸರಿನಲ್ಲಿ ಎರಡು ಮೂರು ಬೇರೆ ಗಿಡಗಳು ಓಡಾಡುತ್ತವೆ, ಆದ್ದರಿಂದ ಬಳಸಿದ ಗಿಡದ ಒಣ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಟ್ಟು ಅದರ ಸಂಖ್ಯೆಯನ್ನು ದಾಖಲಿಸಬೇಕು. ಆಮೇಲೆ ಸಾರ. ನೀರಿನಲ್ಲಿ ತೆಗೆದ ಸಾರವೂ ಆಲ್ಕೋಹಾಲಿನಲ್ಲಿ ತೆಗೆದ ಸಾರವೂ ಒಂದೇ ಗಿಡದವಾದರೂ ಎರಡು ಬೇರೆ ಔಷಧಗಳು. ಮಣ್ಣು, ಋತು, ಒಣಗಿಸಿದ ರೀತಿ, ಗಿಡದ ವಯಸ್ಸು ಎಲ್ಲವೂ ಸಾರವನ್ನು ಬದಲಿಸುತ್ತವೆ. ಅದಕ್ಕಾಗಿ ಒಂದೆರಡು ಪ್ರಮುಖ ಸಂಯುಕ್ತಗಳನ್ನು ಗುರುತಿಗೆ ಇಟ್ಟುಕೊಂಡು ಪ್ರತಿ ತಯಾರಿಕೆಯಲ್ಲೂ ಅವುಗಳ ಪ್ರಮಾಣವನ್ನು ಅಳೆಯುತ್ತಾರೆ. ಕೀಟನಾಶಕದ ಶೇಷ, ಭಾರಲೋಹ, ಬೂಷ್ಟು, ಬ್ಯಾಕ್ಟೀರಿಯಾ ಇವೆಯೇ ಎಂಬ ತಪಾಸಣೆಯೂ ಆಗಬೇಕು. ಇದನ್ನೆಲ್ಲ ಬಿಟ್ಟು ನೇರವಾಗಿ ಇಲಿಯ ಕಿವಿಗೆ ಹೋದರೆ, ಫಲ ಸಿಕ್ಕರೂ ಅದನ್ನು ಇನ್ನೊಮ್ಮೆ ತೆಗೆದು ತೋರಿಸಲು ಆಗುವುದಿಲ್ಲ.

ಪ್ರಾಣಿಯಿಲ್ಲದೆ ಮುಗಿಯುವ ಪರೀಕ್ಷೆಗಳೂ ಇವೆ. ಲೇಪ ಚರ್ಮವನ್ನು ಕೆರಳಿಸುತ್ತದೆಯೇ ಎಂದು ತಿಳಿಯಲು 1944ರಲ್ಲಿ ಡ್ರೇಜ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಮೊಲದ ಪರೀಕ್ಷೆಯೇ ದಶಕಗಳ ಕಾಲ ದಾರಿಯಾಗಿತ್ತು. ಇಂದು ಮಾನವ ಜೀವಕೋಶಗಳಿಂದ ಬೆಳೆಸಿದ ಹೊರಚರ್ಮದ ತುಣುಕಿನ ಮೇಲೆ ಅದನ್ನು ಮಾಡಬಹುದು; ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 439ನೇ ಮಾರ್ಗಸೂಚಿ ಇರುವುದು ಇದಕ್ಕೇ. ಸಾರ ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂದು ನೋಡಲು ಫ್ರಾಂಜ್ ಕೋಶ ಎಂಬ ಗಾಜಿನ ಪಾತ್ರೆಯಲ್ಲಿ ಹಂದಿಯ ಕಿವಿಯ ಚರ್ಮವನ್ನು ಪರದೆಯಂತೆ ಕಟ್ಟಿ, ಮೇಲೆ ಲೇಪ ಹಚ್ಚಿ, ಕೆಳಗಿನ ದ್ರವವನ್ನು ಗಂಟೆಗೊಮ್ಮೆ ತೆಗೆದು ಅಳೆಯುತ್ತಾರೆ. ಇಳಿಯದೇ ಇರುವ ಲೇಪಕ್ಕಾಗಿ ಇಲಿಗಳನ್ನು ನೋಯಿಸುವ ಹಕ್ಕು ನಮಗಿಲ್ಲ.

ಇಲಿಯ ಕಿವಿಯ ಪರೀಕ್ಷೆ ಎಂದರೇನು?

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳಲ್ಲಿ ಇದೂ ಒಂದು. ಕಿವಿ ತೆಳ್ಳಗಿದೆ, ಎರಡೂ ಕಡೆ ಚರ್ಮವಿದೆ, ಕೂದಲು ಕಡಿಮೆ. ಉರಿಯೂತ ತರಿಸಲು ಬಳಸುವ ವಸ್ತುವಿನ ಚುಟುಕು ಹೆಸರು ಟಿಪಿಎ. ಅದು ಬರುವುದು ಜಾಪಾಳದ ಬೀಜದ ಎಣ್ಣೆಯಿಂದ. ಇದನ್ನು ಹೇಳಿದಾಗ ಕೇಳುಗರು ಒಂದು ಕ್ಷಣ ಸುಮ್ಮನಾಗುತ್ತಾರೆ: ಪ್ರಯೋಗಾಲಯದಲ್ಲಿ ಚರ್ಮವನ್ನು ಕೆಂಡದಂತೆ ಮಾಡುವ ವಸ್ತುವೂ ಅಪ್ಪಟ ನೈಸರ್ಗಿಕವೇ.

ಸಾಮಾನ್ಯವಾಗಿ ಒಂದು ಕಿವಿಗೆ 2.5 ಮೈಕ್ರೋಗ್ರಾಂ ಟಿಪಿಎಯನ್ನು 20 ಮೈಕ್ರೋಲೀಟರ್ ಅಸಿಟೋನಿನಲ್ಲಿ ಕರಗಿಸಿ, ಕಿವಿಯ ಒಳಮೈಗೆ ಅರ್ಧ, ಹೊರಮೈಗೆ ಅರ್ಧ ಹಚ್ಚುತ್ತಾರೆ. ನಾಲ್ಕರಿಂದ ಆರು ಗಂಟೆಗಳಲ್ಲಿ ಊತ ಚೆನ್ನಾಗಿ ಕಾಣುತ್ತದೆ. ಆಗ ಕ್ಯಾಲಿಪರಿನಿಂದ ದಪ್ಪವನ್ನು ಅಳೆಯುತ್ತಾರೆ. ಪ್ರಯೋಗದ ಕೊನೆಗೆ ಕಿವಿಯಿಂದ 6 ಮಿಲಿಮೀಟರಿನ ವೃತ್ತಾಕಾರದ ತುಣುಕು ತೆಗೆದು ತೂಗುತ್ತಾರೆ, ಅದರಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಅಳೆದು ಎಷ್ಟು ಬಿಳಿ ರಕ್ತಕಣಗಳು ಬಂದು ಸೇರಿವೆ ಎಂದು ಅಂದಾಜು ಮಾಡುತ್ತಾರೆ.

ಅಳತೆಯ ಆ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಆರೋಗ್ಯವಂತ ಇಲಿಯ ಕಿವಿಯ ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಬೆಳಕಿಗೆ ಹಿಡಿದರೆ ರಕ್ತನಾಳಗಳು ಎಲೆಯ ನರಗಳಂತೆ ಕಾಣುತ್ತವೆ. ಊದಿದ ಕಿವಿ ಮಂಜುಮಂಜಾಗುತ್ತದೆ, ನಾಳಗಳ ಗೆರೆ ಅಳಿಸಿಹೋಗುತ್ತದೆ. ಕ್ಯಾಲಿಪರಿನ ದವಡೆಗಳು ತಾಗಿದ ಕೂಡಲೇ ಒಳಗಿನ ನೀರು ಪಕ್ಕಕ್ಕೆ ಸರಿದು ಅಂಕಿ ಇಳಿಯತೊಡಗುತ್ತದೆ. ತಾಗಿದ ಕ್ಷಣವೇ ಓದಿದವರಿಗೆ ಒಂದು ಸಂಖ್ಯೆ, ಎರಡು ಸೆಕೆಂಡು ತಡೆದವರಿಗೆ ಇನ್ನೊಂದು. ಹಾಗಾಗಿ ಇಡೀ ಪ್ರಯೋಗದಲ್ಲಿ ಒಬ್ಬರೇ ಅಳೆಯಬೇಕು, ಕಿವಿಯ ಅದೇ ಜಾಗದಲ್ಲಿ, ಮೂರು ಸಲ. ಆ ಇಲಿಗೆ ಏನು ಹಚ್ಚಿದೆ ಎಂಬುದು ಅವರಿಗೆ ತಿಳಿದಿರಬಾರದು.

ಲೇಪವನ್ನು ಮೊದಲು ಹಚ್ಚಬೇಕೇ, ಉರಿಯೂತ ಬಂದ ಮೇಲೆ ಹಚ್ಚಬೇಕೇ?

ವರದಿ ಓದುವಾಗ ನಾನು ಮೊದಲು ಹುಡುಕುವ ಸಾಲು ಇದೇ. ಎಷ್ಟೋ ಪ್ರಯೋಗಗಳಲ್ಲಿ ಲೇಪವನ್ನು ಟಿಪಿಎಗಿಂತ ಅರ್ಧ ಗಂಟೆ ಮೊದಲು ಅಥವಾ ಅದರ ಜೊತೆಜೊತೆಗೆ ಹಚ್ಚಿರುತ್ತಾರೆ. ಊತ ಕಡಿಮೆಯಾದರೆ ಎರಡು ಅರ್ಥ ಸಾಧ್ಯ. ಸಾರ ಉರಿಯೂತವನ್ನು ತಡೆದಿರಬಹುದು. ಇಲ್ಲವೇ ಲೇಪದ ಜಿಡ್ಡು ಟಿಪಿಎಯನ್ನು ಚರ್ಮಕ್ಕೆ ಇಳಿಯಲು ಬಿಡದೇ ಇದ್ದಿರಬಹುದು, ರೇನ್‌ಕೋಟ್ ಮಳೆಯನ್ನು ತಡೆದಂತೆ. ರೇನ್‌ಕೋಟ್ ಹಾಕಿಕೊಂಡವನು ನೆನೆಯಲಿಲ್ಲ ಎಂದರೆ ಆ ಬಟ್ಟೆಗೆ ನೆನೆದವನ ಜ್ವರ ಬಿಡಿಸುವ ಗುಣವಿದೆ ಎಂದು ಅರ್ಥವಲ್ಲ.

ನಿಜವಾದ ರೋಗಿ ಬರುವುದು ಚರ್ಮ ಕೆಟ್ಟ ಮೇಲೆ. ಆದ್ದರಿಂದ ಉರಿಯೂತ ಕಾಣಿಸಿಕೊಂಡ ಬಳಿಕ ಲೇಪ ಆರಂಭಿಸುವ ಪ್ರಯೋಗಕ್ಕೆ ಹೆಚ್ಚು ಬೆಲೆ. ಟಿಪಿಎಯನ್ನು ಹಲವು ದಿನ ಮರುಮರಳಿ ಹಚ್ಚಿ, ಚರ್ಮ ದಪ್ಪಗಾದ ಮೇಲೆ ಚಿಕಿತ್ಸೆ ಶುರು ಮಾಡುವ ವಿಧಾನ ಇದೆ. ಅದರಲ್ಲಿ ಸೋಲುವ ಲೇಪಗಳು ಬಹಳ. ಹಾಗಿದ್ದೂ ಅದನ್ನೇ ಮಾಡಬೇಕು.

ಬೇರೆ ಮಾದರಿಗಳು ಯಾವುವು?

ಅಲರ್ಜಿಯ ಉರಿಯೂತಕ್ಕೆ ಆಕ್ಸಜೋಲೋನ್ ಅಥವಾ ಡಿಎನ್‌ಸಿಬಿ ಎಂಬ ರಾಸಾಯನಿಕಕ್ಕೆ ಇಲಿಯ ಚರ್ಮವನ್ನು ಮೊದಲು ಪರಿಚಯಿಸಿ, ದಿನಗಳ ಬಳಿಕ ಮತ್ತೆ ಹಚ್ಚಿ ಕೆರಳಿಸುತ್ತಾರೆ. ಇಲಿಯ ಪಾದದಲ್ಲಿ ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಎಂಬ ವಸ್ತುವನ್ನು ಚುಚ್ಚಿ ಊತ ಅಳೆಯುವ, 1962ರಿಂದ ಬಳಕೆಯಲ್ಲಿರುವ ಪರೀಕ್ಷೆ ನುಂಗುವ ಔಷಧಗಳಿಗೆ ಹೊಂದುತ್ತದೆ. ಹಚ್ಚುವ ಲೇಪಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಸೋರಿಯಾಸಿಸ್ ಹೋಲುವ ಉರಿಯೂತಕ್ಕೆ 2009ರಲ್ಲಿ ವಿವರಿಸಿದ ಇಮಿಕ್ವಿಮೋಡ್ ಮಾದರಿ ಬಹು ಜನಪ್ರಿಯ. ಶೇ 5ರ ಇಮಿಕ್ವಿಮೋಡ್ ಕ್ರೀಮನ್ನು ಕೂದಲು ತೆಗೆದ ಬೆನ್ನಿಗೆ ದಿನವೂ ಹಚ್ಚಿದರೆ ಕೆಲವೇ ದಿನಗಳಲ್ಲಿ ಚರ್ಮ ಕೆಂಪಾಗಿ, ದಪ್ಪಗಾಗಿ, ಹೊಟ್ಟು ಏಳುತ್ತದೆ. ಆಮೇಲೆ ಒಂದು ವಿಷಯ ಹೊರಬಂತು. ಆ ಕ್ರೀಮಿನ ಬೇಸಿನಲ್ಲಿರುವ, ಅಂದರೆ ಔಷಧವನ್ನು ಬೆರೆಸುವ ಮೂಲ ಮಿಶ್ರಣದಲ್ಲಿರುವ, ಐಸೊಸ್ಟಿಯರಿಕ್ ಆಮ್ಲವೂ ತನ್ನ ಪಾಲಿನ ಉರಿಯೂತವನ್ನು ತರುತ್ತದೆ. ಬೇಸ್ ಎಂಬುದು ಸುಮ್ಮನೆ ಕೂರುವ ವಸ್ತುವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಷ್ಟು ಗುಂಪುಗಳು ಬೇಕು? ಲೇಪ ಹಚ್ಚಿದ್ದು, ಹಚ್ಚದ್ದು, ಎರಡು ಸಾಲದೇ?

ಸಾಲದು. ಗಿಡದ ಸಾರವಿಲ್ಲದ, ಉಳಿದೆಲ್ಲ ಅದೇ ಆದ ಬರೀ ಬೇಸ್ ಹಚ್ಚಿದ ಗುಂಪು ಇರಲೇಬೇಕು. ಅದಿಲ್ಲದ ಪ್ರಯೋಗವನ್ನು ನಾನು ಪರೀಕ್ಷೆ ಎಂದು ಒಪ್ಪುವುದಿಲ್ಲ.

ಕಾರಣ ಇದು. ಕೆರಳಿದ ಚರ್ಮ ಎಂದರೆ ಬಿರುಕು ಬಿಟ್ಟ ಗೋಡೆ. ನೀರು ಹೊರಗೆ ಸೋರುತ್ತಿದೆ, ಧೂಳು, ಪರಾಗ, ಸೂಕ್ಷ್ಮಜೀವಿಗಳು ಒಳಗೆ ಬರುತ್ತಿವೆ. ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನೋ ಜೇನುಮೇಣ ಬೆರೆಸಿದ ಎಣ್ಣೆಯನ್ನೋ ಸವರಿದರೆ ಸೋರಿಕೆ ನಿಲ್ಲುತ್ತದೆ, ಚರ್ಮ ಮೆದುವಾಗುತ್ತದೆ, ತುರಿಕೆ ತಗ್ಗುತ್ತದೆ. ಗಿಡ ಇನ್ನೂ ಡಬ್ಬಿಗೆ ಬಂದೇ ಇಲ್ಲ, ಅರ್ಧ ಕೆಲಸ ಮುಗಿದಿದೆ. ಬೇಸಿಗೆ ಡಿಎಂಎಸ್‌ಒ ಸೇರಿಸಿದ್ದರೆ ಇನ್ನೂ ತೊಡಕು. ಅದೊಂದು ದ್ರಾವಕ; ಉರಿಯೂತ ತಗ್ಗಿಸುವ ಗುಣ ಅದಕ್ಕೇ ಇದೆ, ಜೊತೆಗೆ ಬೇರೆ ವಸ್ತುಗಳನ್ನು ಚರ್ಮದೊಳಗೆ ಎಳೆದೊಯ್ಯುತ್ತದೆ. ಏನೂ ಹಚ್ಚದ ಗುಂಪಿನೊಂದಿಗೆ ಹೋಲಿಸಿದರೆ ಈ ಎಲ್ಲ ಪುಣ್ಯವೂ ಗಿಡದ ಲೆಕ್ಕಕ್ಕೆ ಬೀಳುತ್ತದೆ.

ಒಟ್ಟಿಗೆ ಕನಿಷ್ಠ ನಾಲ್ಕು ಗುಂಪು: ಕೆರಳಿಸಿ ಹಾಗೆಯೇ ಬಿಟ್ಟದ್ದು, ಬರೀ ಬೇಸ್, ಬೇಸಿನಲ್ಲಿ ಸಾರ, ಮತ್ತು ಫಲ ಖಚಿತವಾಗಿ ಗೊತ್ತಿರುವ ಔಷಧ. ಕೊನೆಯದಕ್ಕೆ ಸಾಮಾನ್ಯವಾಗಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಗಳಾದ ಹೈಡ್ರೋಕಾರ್ಟಿಸೋನ್ ಅಥವಾ ಡೆಕ್ಸಾಮೆಥಾಸೋನ್ ಬಳಸುತ್ತಾರೆ. ಅದೂ ಕೆಲಸ ಮಾಡದಿದ್ದರೆ ಪ್ರಯೋಗದ ನಡೆಯಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯುತ್ತದೆ. ಸಾರವನ್ನು ಎರಡು ಮೂರು ಪ್ರಮಾಣಗಳಲ್ಲಿ ಕೊಟ್ಟು, ಪ್ರಮಾಣ ಏರಿದಂತೆ ಫಲವೂ ಏರಿದರೆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಎಡ ಕಿವಿಗೆ ಔಷಧ, ಬಲ ಕಿವಿಗೆ ಬೇಸ್ ಹಚ್ಚಿದರೆ ಇಲಿಗಳ ಸಂಖ್ಯೆ ಅರ್ಧವಾಗುವುದಿಲ್ಲವೇ?

ಆಗುತ್ತದೆ, ಮತ್ತು ಅದು ಒಳ್ಳೆಯ ಉದ್ದೇಶ. ಆದರೆ ಚರ್ಮಕ್ಕೆ ಹಚ್ಚಿದ್ದು ರಕ್ತಕ್ಕೂ ಸೇರಿ ಇನ್ನೊಂದು ಕಿವಿಯನ್ನು ತಲುಪಬಹುದು. ಇಲಿ ಮುಂಗಾಲುಗಳಿಂದ ಮುಖ ತೊಳೆಯುವಾಗ ಒಂದು ಕಿವಿಯ ಲೇಪವನ್ನು ಇನ್ನೊಂದಕ್ಕೆ ಬಳಿಯುತ್ತದೆ. ಒಂದೇ ಪಂಜರದ ಇಲಿಗಳು ಪರಸ್ಪರ ನೆಕ್ಕಿಕೊಳ್ಳುತ್ತವೆ. ಲೆಕ್ಕದಲ್ಲಿ ಇನ್ನೊಂದು ತಪ್ಪು ಬಹಳ ಸಾಮಾನ್ಯ: ಹತ್ತು ಇಲಿಗಳ ಇಪ್ಪತ್ತು ಕಿವಿಗಳನ್ನು ಇಪ್ಪತ್ತು ಇಲಿಗಳಂತೆ ಎಣಿಸುವುದು. ಒಂದೇ ಇಲಿಯ ಎರಡು ಕಿವಿಗಳು ಒಂದೇ ರಕ್ತ, ಒಂದೇ ವಂಶ, ಒಂದೇ ಪಂಜರ. ಅವುಗಳನ್ನು ಜೋಡಿಯಾಗಿ ಹೋಲಿಸಬಹುದು, ಬಿಡಿಬಿಡಿಯಾಗಿ ಎಣಿಸಬಾರದು.

ಅರಿಶಿನದ ಲೇಪ ಹಳದಿ. ಅಳೆಯುವವರಿಗೆ ಗೊತ್ತಾಗದಂತೆ ಮಾಡುವುದು ಹೇಗೆ?

ಒಳ್ಳೆಯ ಪ್ರಶ್ನೆ. ಹಳದಿ ಕಿವಿ ಕಂಡ ಕೂಡಲೇ ‘ಇದು ಔಷಧದ ಇಲಿ’ ಎಂದು ಮನಸ್ಸು ಹೇಳಿಬಿಡುತ್ತದೆ, ಕೆಂಪಿಗೆ 3 ಅಂಕ ಕೊಡಬೇಕಿದ್ದ ಕೈ 2 ಬರೆಯುತ್ತದೆ. ಇದರಲ್ಲಿ ಮೋಸದ ಉದ್ದೇಶ ಯಾರಿಗೂ ಇರುವುದಿಲ್ಲ. ಹಳದಿ ಬಣ್ಣ ಕೆಂಪನ್ನು ಮರೆಮಾಡುವುದೂ ನಿಜ. ಬೇಸಿಗೂ ಹಾನಿಯಿಲ್ಲದ ಹಳದಿ ಬಣ್ಣ ಬೆರೆಸಬಹುದು. ಕೆಂಪಿನ ಅಂಕವನ್ನು ಬಿಟ್ಟು ದಪ್ಪ, ತೂಕ ಮತ್ತು ಸೂಕ್ಷ್ಮದರ್ಶಕದ ಚಿತ್ರವನ್ನು ನಂಬಬಹುದು. ಬಣ್ಣ ಹಾಕಿದ ಅಂಗಾಂಶದ ಗಾಜುಗಳನ್ನು ಸಂಕೇತ ಸಂಖ್ಯೆಯೊಂದಿಗೆ ಬೇರೊಬ್ಬರಿಗೆ ಕೊಟ್ಟರೆ ಯಾವುದು ಯಾರದ್ದೆಂದು ಅವರಿಗೆ ತಿಳಿಯುವುದಿಲ್ಲ. ಬೇವಿನ ಎಣ್ಣೆಯಲ್ಲಿ ಇದೇ ತೊಂದರೆ ವಾಸನೆಯ ರೂಪದಲ್ಲಿ ಬರುತ್ತದೆ. ಆ ಘಾಟನ್ನು ಬೇಸಿನಲ್ಲಿ ತರಿಸುವುದು ಬಣ್ಣ ತರಿಸುವುದಕ್ಕಿಂತ ಕಷ್ಟ, ಹಾಗಾಗಿ ಹಚ್ಚುವವರೂ ಅಳೆಯುವವರೂ ಬೇರೆಯಾಗಿರಬೇಕು, ಅಳೆಯುವ ಮುನ್ನ ಚರ್ಮವನ್ನು ಒರೆಸಿರಬೇಕು.

ಅರಿಶಿನದ ಕುರಿತು ಇನ್ನೊಂದು ಮಾತು. ಅದರಲ್ಲಿರುವ ಕರ್ಕ್ಯುಮಿನ್ ತಟಸ್ಥ ಪಿಎಚ್‌ನಲ್ಲಿ ಬೇಗ ಒಡೆದುಹೋಗುತ್ತದೆ, ತಾನೇ ಹೊಳೆಯುತ್ತದೆ, ಹಲವು ಬಗೆಯ ಪ್ರನಾಳ ಪರೀಕ್ಷೆಗಳಲ್ಲಿ ಸುಳ್ಳು ಫಲ ತೋರಿಸುತ್ತದೆ. ಪ್ರನಾಳದಲ್ಲಿ ಗೆದ್ದಿತು ಎಂಬ ಸುದ್ದಿಯನ್ನು ಅದರ ಮಟ್ಟಿಗೆ ಎಚ್ಚರದಿಂದ ಓದಬೇಕು.

ಇಲಿಯಲ್ಲಿ ಫಲ ಕೊಟ್ಟ ಲೇಪ ನಾಯಿಯಲ್ಲೂ ಫಲ ಕೊಡುತ್ತದೆಯೇ?

ಕೊಡಬಹುದು, ಕೊಡದೇ ಇರಬಹುದು. ಇಲಿಯ ಚರ್ಮ ತೆಳು, ಕೂದಲ ಬುಡಗಳು ಒತ್ತೊತ್ತು, ಹಚ್ಚಿದ್ದು ಸಲೀಸಾಗಿ ಒಳಗಿಳಿಯುತ್ತದೆ. ಮಾನವ ಚರ್ಮಕ್ಕೆ ಹೆಚ್ಚು ಹತ್ತಿರವಾದದ್ದು ಹಂದಿಯ ಚರ್ಮ. ನಾಯಿಯ ಹೊರಚರ್ಮ ಹೆಚ್ಚಿನ ಕಡೆ 3ರಿಂದ 5 ಪದರ ಕೋಶಗಳಷ್ಟೇ, ಮನುಷ್ಯರದ್ದು 10ರಿಂದ 15. ನಾಯಿಯ ಚರ್ಮದ ಪಿಎಚ್ ತಟಸ್ಥದ ಆಸುಪಾಸು, ನಮ್ಮದು ಆಮ್ಲೀಯ. ಮನುಷ್ಯರಿಗೆಂದು ತಯಾರಿಸಿದ ಲೇಪವನ್ನು ಹಾಗೆಯೇ ನಾಯಿಗೆ ಹಚ್ಚುವುದು ಸರಿಯಲ್ಲ ಎನ್ನುವುದು ಇದಕ್ಕೇ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಯಿಲೆಯಲ್ಲಿದೆ. ಇಲಿಯ ಕಿವಿಗೆ ನಾವು ಬೆಳಿಗ್ಗೆ ಉರಿಯೂತ ತರಿಸಿ ಸಂಜೆ ಅಳೆಯುತ್ತೇವೆ. ನಾಯಿಯ ಅಲರ್ಜಿ ವರ್ಷಗಟ್ಟಲೆ ಇರುತ್ತದೆ, ಅದರೊಳಗೆ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಸೇರಿಕೊಂಡಿರುತ್ತವೆ, ಕೆರೆದು ಕೆರೆದು ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿರುತ್ತದೆ.

ಸಾಕುನಾಯಿಗಳಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆ?

ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ನಿಜವಾಗಿ ಕಾಯಿಲೆ ಇರುವ ನಾಯಿಗಳನ್ನೇ ಸೇರಿಸಿಕೊಳ್ಳುತ್ತಾರೆ. ಯಾವ ನಾಯಿಗೆ ಲೇಪ, ಯಾವುದಕ್ಕೆ ಬರೀ ಬೇಸ್ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು. ಮಾಲೀಕರಿಗೂ ವೈದ್ಯರಿಗೂ ಅದು ಕೊನೆಯವರೆಗೂ ತಿಳಿಯಬಾರದು. ಸ್ಟೀರಾಯ್ಡ್‌ನಂಥ ಹಳೆಯ ಔಷಧಗಳ ಪ್ರಭಾವ ಇಳಿಯಲು ವಾರಗಟ್ಟಲೆ ಕಾಯಬೇಕು.

ಅಲರ್ಜಿಯ ನಾಯಿಗಳಿಗೆ ವೈದ್ಯರು ಬಳಸುವ ಅಂಕಪಟ್ಟಿಯ ಹೆಸರು ಕ್ಯಾಡೆಸಿ-04. ದೇಹದ 20 ಜಾಗಗಳಲ್ಲಿ ಕೆಂಪು, ಚರ್ಮ ದಪ್ಪಗಾಗುವಿಕೆ, ಕೆರೆದ ಗಾಯ ಅಥವಾ ಕೂದಲು ಉದುರುವಿಕೆ ಎಂಬ ಮೂರನ್ನು 0ಯಿಂದ 3ರವರೆಗೆ ಅಳೆಯುತ್ತದೆ, ಒಟ್ಟು 180 ಅಂಕ. ತುರಿಕೆಯ ಅಂಕ ಕೊಡುವವರು ಮಾಲೀಕರು, 0ಯಿಂದ 10ರ ಗೆರೆಯ ಮೇಲೆ ಒಂದು ಗುರುತು ಹಾಕಿ.

ನಾಯಿಗೆ ಔಷಧದ ಮೇಲೆ ನಂಬಿಕೆ ಹುಟ್ಟುವುದಿಲ್ಲ, ಹಾಗಾದರೆ ಬೇಸ್ ಗುಂಪು ಏಕೆ ಎಂದು ಕೇಳುವವರಿದ್ದಾರೆ. ನಂಬಿಕೆ ಇರುವುದು ಮಾಲೀಕರಿಗೆ, ಅಂಕ ಕೊಡುವವರೂ ಅವರೇ. ಮುದ್ದಿನ ನಾಯಿ ಚೇತರಿಸಿಕೊಳ್ಳಲಿ ಎಂದು ಹಂಬಲಿಸುವ ಕೈ ಆ ಗೆರೆಯ ಮೇಲೆ ಎಡಕ್ಕೆ ಸರಿಯುತ್ತದೆ. ಇದಲ್ಲದೆ, ಪ್ರಯೋಗದಲ್ಲಿ ಇರುವಷ್ಟು ದಿನ ನಾಯಿಗೆ ಸ್ನಾನ ಸರಿಯಾಗಿ ಆಗುತ್ತದೆ, ಚಿಗಟದ ಔಷಧ ತಪ್ಪುವುದಿಲ್ಲ. ಬೇಸ್ ಹಚ್ಚಿದ ನಾಯಿಗಳೂ ಸುಧಾರಿಸುತ್ತವೆ.

ನೆಕ್ಕಿಕೊಂಡರೆ ಏನು ಮಾಡುವುದು?

ನೆಕ್ಕಿಯೇ ನೆಕ್ಕುತ್ತದೆ ಎಂದುಕೊಂಡೇ ಪರೀಕ್ಷೆಯನ್ನು ಯೋಜಿಸಬೇಕು. ಪ್ರಾಣಿಗಳಲ್ಲಿ ಹಚ್ಚುವ ಔಷಧ ಎಂದರೆ ಅರ್ಧ ನುಂಗುವ ಔಷಧ. ಶಂಕುವಿನಾಕಾರದ ಕಾಲರ್ ಹಾಕಬಹುದು, ಲೇಪ ಹಚ್ಚಿದ ಬಳಿಕ ನಾಯಿಯನ್ನು ಹದಿನೈದು ಇಪ್ಪತ್ತು ನಿಮಿಷ ಆಟದಲ್ಲಿ ಇರಿಸಬಹುದು. ಆದರೂ ದಿನದ ಪೂರ್ತಿ ಪ್ರಮಾಣ ಹೊಟ್ಟೆಗೆ ಹೋದರೆ ಅಪಾಯವಿಲ್ಲ ಎಂದು ಮೊದಲೇ ಖಚಿತವಾಗಿರಬೇಕು. ಲೋಳೆಸರದ ಒಳಗಿನ ತಿಳಿ ಲೋಳೆ ಸೌಮ್ಯವಾದದ್ದು, ಸಿಪ್ಪೆಯ ಕೆಳಗಿನ ಹಳದಿ ಹಾಲು ಮಾತ್ರ ಭೇದಿ ತರಿಸುತ್ತದೆ. ಒಂದೇ ಎಲೆ, ಬೆರಳಿನಷ್ಟು ಅಂತರ.

ನೈಸರ್ಗಿಕವಾದದ್ದು ಸುರಕ್ಷಿತವಲ್ಲವೇ?

ಚಹಾಮರದ ಎಣ್ಣೆ, ಅಂದರೆ ಟೀ ಟ್ರೀ ಎಣ್ಣೆಯ ಕಥೆ ಕೇಳಿ. 2002ರಿಂದ 2012ರವರೆಗೆ ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರವೊಂದಕ್ಕೆ ಬಂದ, ಅಪ್ಪಟ ಟೀ ಟ್ರೀ ಎಣ್ಣೆಗೆ ಒಡ್ಡಿಕೊಂಡ ನಾಯಿ ಬೆಕ್ಕುಗಳ 443 ಪ್ರಕರಣಗಳ ವಿಶ್ಲೇಷಣೆ 2014ರಲ್ಲಿ ಪ್ರಕಟವಾಯಿತು. ಹೆಚ್ಚಿನವುಗಳಲ್ಲಿ ಒಳ್ಳೆಯದಾಗಲೆಂದು ಬೇಕೆಂದೇ ಬಳಸಿದ್ದರು. ಕೆಲವು ಗಂಟೆಗಳಲ್ಲಿ ಜೊಲ್ಲು, ಮಂಕು, ಕಾಲಿನ ಬಲಹೀನತೆ, ತೂರಾಟ, ನಡುಕ. ಮೂರು ದಿನಗಳವರೆಗೂ ಅದು ಉಳಿದ ಉದಾಹರಣೆಗಳಿದ್ದವು.

ಬೆಕ್ಕಿನ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಫೀನಾಲ್ ಜಾತಿಯ ವಸ್ತುಗಳಿಗೆ ಗ್ಲುಕುರೋನಿಕ್ ಆಮ್ಲ ಜೋಡಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ. ನಾಯಿಯಲ್ಲಿ ಸುರಕ್ಷಿತ ಎಂದು ತೋರಿದ ಲೇಪವನ್ನು ಬೆಕ್ಕಿಗೆ ಬೇರೆಯಾಗಿಯೇ ಪರೀಕ್ಷಿಸಬೇಕು. ಇನ್ನು, ಕೆಲವು ಗಿಡಗಳ ರಸ ಬಿಸಿಲಿಗೆ ಚರ್ಮವನ್ನು ಸುಡುತ್ತದೆ, ಕ್ಯಾಮೊಮೈಲ್‌ನಂಥ ಸೇವಂತಿಗೆ ಕುಟುಂಬದ ಗಿಡಗಳಿಗೆ ಅಲರ್ಜಿ ಹುಟ್ಟಬಹುದು, ಅದೂ ಹಲವು ವಾರ ಹಚ್ಚಿದ ಮೇಲೆ. ಆದ್ದರಿಂದ ಎರಡು ದಿನದ ಸುರಕ್ಷತಾ ಪರೀಕ್ಷೆ ಸಾಕಾಗುವುದಿಲ್ಲ.

ಹಾಲು ಕೊಡುವ ಹಸುವಿನ ಕೆಚ್ಚಲಿಗೆ ಹಚ್ಚಬಹುದೇ?

ಲೇಪದ ಅಂಶ ಹಾಲಿಗೆ ಬರುತ್ತದೆಯೇ, ಬಂದರೆ ಎಷ್ಟು ದಿನ ಎಂಬುದನ್ನು ಅಳೆಯುವವರೆಗೆ ಬೇಡ.

ಒಂದೇ ರಾತ್ರಿಯಲ್ಲಿ ತುರಿಕೆ ಮಾಯವಾಯಿತು. ಇದು ಮೂಲಿಕೆಯ ಶಕ್ತಿಯಲ್ಲವೇ?

ಆ ಡಬ್ಬಿಯನ್ನು ಮೊದಲು ರಾಸಾಯನಿಕ ತಪಾಸಣೆಗೆ ಕಳಿಸಬೇಕು. 1999ರಲ್ಲಿ ಲಂಡನ್ನಿನ ವೈದ್ಯರು ಮನುಷ್ಯರ ಚರ್ಮರೋಗಕ್ಕೆ ಕೊಡಲಾಗುತ್ತಿದ್ದ 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಮೂಲಿಕೆಯ ಲೇಪಗಳು ಸಾಮಾನ್ಯವಾಗಿ ನಿಧಾನ. ಸ್ಟೀರಾಯ್ಡ್‌ನಷ್ಟೇ ವೇಗವಾಗಿ ಕೆಲಸ ಮಾಡಿದರೆ ಅದರೊಳಗೆ ಸ್ಟೀರಾಯ್ಡ್ ಇದೆಯೇ ಎಂದು ನೋಡುವುದು ಪರೀಕ್ಷಕರ ಕರ್ತವ್ಯ. ಗೊತ್ತಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ.

ಜ್ಯೇಷ್ಠಮಧುವಿನದು ಬೇರೆಯೇ ಕಥೆ, ಕುತೂಹಲದ್ದು. ಅದರ ಗ್ಲೈಸಿರೆಟಿನಿಕ್ ಆಮ್ಲ, ಕಾರ್ಟಿಸೋಲ್ ಅನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಹೀಗೆ ದೇಹದ್ದೇ ಆದ ಸ್ಟೀರಾಯ್ಡ್ ಚರ್ಮದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಪರೀಕ್ಷಿಸಲು ಯೋಗ್ಯವಾದ ಮೂಲಿಕೆಗಳು ನಿಜವಾಗಿಯೂ ಇವೆ.

ನನ್ನ ನಾಯಿಗೆ ಮನೆಯಲ್ಲೇ ಹಚ್ಚಿ ನೋಡಬಹುದೇ?

ಮೊದಲು ಕಾಯಿಲೆ ಏನೆಂದು ತಿಳಿಯಲಿ. ಚಿಗಟ, ಕಜ್ಜಿಯ ನುಸಿ, ಹುಳುಕಡ್ಡಿ, ಬ್ಯಾಕ್ಟೀರಿಯಾ, ಯೀಸ್ಟ್, ಅಲರ್ಜಿ ಎಲ್ಲವೂ ಹೊರನೋಟಕ್ಕೆ ಕೆಂಪು ಮತ್ತು ತುರಿಕೆಯೇ. ಕಜ್ಜಿಯ ನುಸಿ ಇರುವ ನಾಯಿಗೆ ತಂಪು ಲೇಪ ಹಚ್ಚುತ್ತಾ ಕೂತರೆ ನುಸಿ ಹರಡುತ್ತಲೇ ಇರುತ್ತದೆ, ಮನೆಯವರಿಗೂ ಅಂಟುತ್ತದೆ. ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೆಚ್ಚು ಸಮಯ ಹಿಡಿಯುವುದಿಲ್ಲ.

ಅವರು ಒಪ್ಪಿದರೆ, ಗಾಯವಿಲ್ಲದ ಜಾಗದಲ್ಲಿ, ನಾಲಿಗೆ ಎಟುಕದ ಕಡೆ, ನಾಣ್ಯದಷ್ಟು ಅಗಲಕ್ಕೆ ಹಚ್ಚಿ ಎರಡು ದಿನ ನೋಡಿ. ಕೆರಳದಿದ್ದರೆ ಒಂದು ಪಾದಕ್ಕೆ ಲೇಪ, ಇನ್ನೊಂದು ಪಾದಕ್ಕೆ ಬರೀ ಬೇಸ್. ಒಂದೇ ಹೊತ್ತಿನ ಬೆಳಕಿನಲ್ಲಿ, ಒಂದೇ ದೂರದಿಂದ ದಿನಕ್ಕೊಂದು ಫೋಟೊ ತೆಗೆಯಿರಿ. ಕೊನೆಗೆ ಯಾವ ಪಾದ ಯಾವುದೆಂದು ತಿಳಿಯದ ಒಬ್ಬರಿಗೆ ತೋರಿಸಿ ಕೇಳಿ. ರಸಿಗೆ, ವಾಸನೆ, ಹರಡುವ ಕೆಂಪು, ಮಂಕುತನ, ಜೊಲ್ಲು ಕಂಡರೆ ತೊಳೆದು ವೈದ್ಯರ ಬಳಿ ಹೋಗಿ. ಬೆಕ್ಕಿನ ಮೇಲೆ ಇದನ್ನು ಮನೆಯಲ್ಲಿ ಮಾಡಲೇಬೇಡಿ.

ಪ್ರಾಣಿಗಳನ್ನು ನೋಯಿಸಿ ಪಡೆಯುವ ಈ ಜ್ಞಾನ ನ್ಯಾಯವೇ?

ಈ ಪ್ರಶ್ನೆ ಕೇಳದವರು ಈ ಕೆಲಸಕ್ಕೆ ಬರಬಾರದು ಎಂದು ನನ್ನ ಅಭಿಪ್ರಾಯ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮೂರು ಸೂತ್ರ ಕೊಟ್ಟರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ದಾರಿ ಹಿಡಿಯಿರಿ, ಬಳಸಲೇಬೇಕಾದರೆ ಸಂಖ್ಯೆ ಕಡಿಮೆ ಮಾಡಿ, ನೋವನ್ನು ತಗ್ಗಿಸಿ. ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟಬಾರದು. ಹುಣ್ಣಾದರೆ, ತೂಕ ವಿಪರೀತ ಇಳಿದರೆ ಪ್ರಯೋಗದಿಂದ ಬಿಡಿಸಬೇಕು. ಆ ಮಿತಿ ಮೊದಲೇ ಬರೆದಿರಬೇಕು.

ಸಂಖ್ಯೆ ಕಡಿಮೆ ಎಂದರೆ ಮೂರೇ ಇಲಿ ಎಂದಲ್ಲ. ಉತ್ತರವೇ ಸಿಗದಷ್ಟು ಕಡಿಮೆ ಇಲಿಗಳನ್ನು ಬಳಸಿದರೆ ಆ ಮೂರೂ ವ್ಯರ್ಥವಾಗಿ ನೊಂದವು. ಬೇಸ್ ಗುಂಪನ್ನು ಉಳಿತಾಯಕ್ಕೆಂದು ಕೈಬಿಟ್ಟ ಪ್ರಯೋಗದಲ್ಲಿ ಉಳಿದ ಎಲ್ಲ ಇಲಿಗಳೂ ವ್ಯರ್ಥವಾಗಿ ನೊಂದವು.

ಫಲ ಬಾರದ ಪ್ರಯೋಗವನ್ನು ಪ್ರಕಟಿಸಬೇಕೇ?

ಬೇಕು. ಪ್ರಕಟವಾಗದಿದ್ದರೆ ಇನ್ನೊಂದು ಊರಿನ ಇನ್ನೊಬ್ಬ ವಿದ್ಯಾರ್ಥಿ ಅದೇ ಗಿಡವನ್ನು ಅರೆದು ಅದೇ ಕಿವಿಗಳಿಗೆ ಹಚ್ಚುತ್ತಾಳೆ. 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿಗಳು ಪ್ರಾಣಿ ಪ್ರಯೋಗದ ವರದಿಯಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡುತ್ತವೆ: ಎಷ್ಟು ಪ್ರಾಣಿಗಳು, ಯಾವುದನ್ನು ಏಕೆ ಕೈಬಿಟ್ಟಿರಿ, ಗುಂಪುಗಳಿಗೆ ಹೇಗೆ ಹಂಚಿದಿರಿ, ಅಳೆದವರಿಗೆ ಗುಂಪು ತಿಳಿದಿತ್ತೇ. ಬೇಸ್ ಮತ್ತು ಸಾರ ಸರಿಸಮವಾಗಿ ಊತ ತಗ್ಗಿಸಿದವು ಎಂದು ಬಂದರೆ ಹಾಗೆಯೇ ಬರೆಯಿರಿ, ಬೇಸಿನಲ್ಲಿ ಏನೇನು ಎಷ್ಟೆಷ್ಟು ಇತ್ತು ಎಂಬುದನ್ನೂ ಬರೆಯಿರಿ. ಮುಂದಿನವರಿಗೆ ಒಳ್ಳೆಯ ಬೇಸ್ ಒಂದಾದರೂ ಸಿಕ್ಕಿರುತ್ತದೆ.